ಲಾರಿ ಮನೆಗೆ ಹೋಯಿತು, ಕಸ ಉಳಿಯಿತು

2007ರ ಮಳೆಗಾಲ. ಕೇರಳದ ಗಡಿಗೆ ಅಂಟಿಕೊಂಡಿದ್ದ ಉಪವಿಭಾಗವೊಂದರಲ್ಲಿ ನಾನು ಆಗ ಸಹಾಯಕ ಆಯುಕ್ತನಾಗಿದ್ದೆ. ಒಂದು ದಿನ ಬೆಳಿಗ್ಗೆ ಆರೂವರೆ ಗಂಟೆಗೆ ತಹಶೀಲ್ದಾರರಿಂದ ದೂರವಾಣಿ ಕರೆ ಬಂತು. ಹೆದ್ದಾರಿಯಿಂದ ತುಸು ಒಳಗಿರುವ ಹಳ್ಳಿಯೊಂದರ ಗೋಮಾಳದಲ್ಲಿ ಜನ ಒಂದು ಲಾರಿಯನ್ನು ಸುತ್ತುವರಿದಿದ್ದಾರೆ, ಬೆಂಕಿ ಹಚ್ಚುವ ಮಾತು ಕೇಳಿಬರುತ್ತಿದೆ, ತಾವು ಕೂಡಲೇ ಬರಬೇಕು ಎಂದರು. ನಾನು ತಲುಪುವ ಹೊತ್ತಿಗೆ ಲಾರಿಯ ಮುಕ್ಕಾಲು ಪಾಲು ಸರಕು ನೆಲದ ಮೇಲಿತ್ತು. ಹರಿದ ಪ್ಲಾಸ್ಟಿಕ್ ಚೀಲಗಳು, ರಕ್ತ ಅಂಟಿದ ಹತ್ತಿ, ಬ್ಯಾಂಡೇಜು, ಸೂಜಿ ಸಹಿತವಾದ ಸಿರಿಂಜುಗಳು, ಗ್ಲೂಕೋಸಿನ ಬಾಟಲಿಗಳು, ಅವಧಿ ಮೀರಿದ ಔಷಧಗಳು. ಸಣ್ಣಗೆ ಮಳೆ ಹನಿಯುತ್ತಿತ್ತು. ಗೋಮಾಳದ ಇಳಿಜಾರು ಮುಗಿಯುವಲ್ಲಿ ಊರಿನ ಕೆರೆಯಿತ್ತು.

ಜನರನ್ನು ಸಮಾಧಾನಪಡಿಸಲು ನಾವು ಕೊಟ್ಟ ಭರವಸೆ ಒಂದೇ: ಲಾರಿಯನ್ನು ಬಿಡುವುದಿಲ್ಲ. ಪೊಲೀಸರು ವಾಹನವನ್ನು ಜಪ್ತಿ ಮಾಡಿದರು, ಚಾಲಕನನ್ನು ಬಂಧಿಸಿದರು, ನಮ್ಮ ಗ್ರಾಮ ಲೆಕ್ಕಿಗರು ಮಹಜರಿಗೆ ಪಂಚರಾಗಿ ಸಹಿ ಹಾಕಿದರು. ಆ ಮಹಜರಿನ ಪ್ರತಿ ನನಗೆ ಇಂದಿಗೂ ನೆನಪಿದೆ. ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ಹೆಚ್ಚುವರಿ ಚಕ್ರ, ಜಾಕಿ, ಟಾರ್ಪಾಲು, ಹಗ್ಗ, ಕ್ಯಾಬಿನ್ನಿನಲ್ಲಿದ್ದ ದೇವರ ಪಟ ಎಲ್ಲವೂ ಎರಡು ಪುಟಗಳಲ್ಲಿ ಅಚ್ಚುಕಟ್ಟಾಗಿ ದಾಖಲಾಗಿದ್ದವು. ನೆಲದ ಮೇಲೆ ಬಿದ್ದಿದ್ದ ಸರಕಿನ ಬಗ್ಗೆ ಇದ್ದದ್ದು ಒಂದೇ ಸಾಲು: ‘ಆಸ್ಪತ್ರೆಯ ಕಸ, ಅಂದಾಜು ಒಂದು ಲೋಡು.’ ಅದನ್ನು ಓದಿ ‘ಸರಿಯಾಗಿದೆ’ ಎಂದವನು ನಾನೇ.

ಮೂರನೆಯ ದಿನವೇ ಲಾರಿಯ ಮಾಲೀಕರು ವಕೀಲರ ಮೂಲಕ ವಾಹನದ ಬಿಡುಗಡೆಗೆ ಅರ್ಜಿ ಸಲ್ಲಿಸಿದರು. ಲಾರಿಗೆ ಸಾಲವಿದೆ, ಕಂತು ಕಟ್ಟಬೇಕು, ಚಾಲಕ ಏನು ತುಂಬಿಕೊಂಡನೆಂಬುದು ತಮಗೆ ತಿಳಿಯದು ಎಂಬುದು ಅವರ ಅಹವಾಲು. ಎರಡು ವಾರಗಳೊಳಗೆ ಮುಚ್ಚಳಿಕೆ ಮತ್ತು ಜಾಮೀನಿನ ಮೇಲೆ ಲಾರಿ ಬಿಡುಗಡೆಯಾಯಿತು. ನ್ಯಾಯಾಧೀಶರದು ಇದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅವರ ಮುಂದಿದ್ದ ಕಾಗದಗಳಲ್ಲಿ ಇದ್ದದ್ದು ಲಾರಿ ಮಾತ್ರ. ಕಾಲಾನಂತರ ಚಾಲಕ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಆ ದಂಡ ಲಾರಿಯ ಒಂದು ದಿನದ ಬಾಡಿಗೆಗೂ ಸಮನಾಗಿರಲಿಲ್ಲ.

ಕಸದ ಕಥೆಯೇ ಬೇರೆ. ಅದಕ್ಕಾಗಿ ಯಾರೂ ಅರ್ಜಿ ಸಲ್ಲಿಸಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಹಣವಿರಲಿಲ್ಲ. ಕೊನೆಗೆ ತಾಲ್ಲೂಕಿನ ಯಾವುದೋ ಲೆಕ್ಕಶೀರ್ಷಿಕೆಯಲ್ಲಿ ಹೊಂದಿಸಿಕೊಂಡು, ಜೆಸಿಬಿ ತರಿಸಿ, ಗುಂಡಿ ತೋಡಿಸಿ, ಸುಣ್ಣ ಹಾಕಿ ಮುಚ್ಚಿಸಿದೆವು. ಹಾಗೆ ಮುಚ್ಚುವುದು ನಿಯಮಕ್ಕೆ ಒಪ್ಪುವಂಥದ್ದೇ ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ. ಚೀಲಗಳನ್ನು ಬರಿಗೈಯಲ್ಲಿ ಎತ್ತಿ ಹಾಕುತ್ತಿದ್ದ ಪಂಚಾಯಿತಿಯ ಹೆಣ್ಣುಮಗಳೊಬ್ಬಳ ಅಂಗೈಗೆ ಸೂಜಿ ಚುಚ್ಚಿತು. ಯಾರ ರಕ್ತ ಕಂಡ ಸೂಜಿಯೋ ಯಾರಿಗೆ ಗೊತ್ತು? ತಿಂಗಳುಗಟ್ಟಲೆ ಆಕೆ ಜಿಲ್ಲಾ ಆಸ್ಪತ್ರೆಗೆ ಅಲೆದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. ಒಮ್ಮೆ ಕಚೇರಿಯ ಮೆಟ್ಟಿಲ ಬಳಿ ಸಿಕ್ಕಾಗ ಆಕೆ ಕೇಳಿದ ಮಾತು ಇದು: ‘ಲಾರೀನ ಬುಟ್ರಂತೆ ಸ್ವಾಮಿ. ನನ್ನ ಯಾವಾಗ ಬುಟ್ಟಾರು?’

ದೇವರ ದಯೆ, ಆಕೆಗೆ ಯಾವ ರೋಗವೂ ಅಂಟಲಿಲ್ಲ. ಆದರೆ ಆಕೆಯ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ವೈದ್ಯಕೀಯ ತ್ಯಾಜ್ಯ ಸುರಿದ ವಾಹನವನ್ನು ಬಿಡಬೇಕೇ, ಬಿಡಬಾರದೇ ಎಂಬ ವಾದ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ನಡೆಯುತ್ತಿರುವ ಈ ಹೊತ್ತಿನಲ್ಲಿ ನನ್ನ ಆ ಒಂದು ಸಾಲಿನ ಮಹಜರನ್ನು ನೆನೆಯುವುದು ಅಗತ್ಯವೆನಿಸಿದೆ.

ಮೊದಲು ವಾಹನದ ಪರವಾದ ನ್ಯಾಯವನ್ನು ನೋಡೋಣ. ಪೊಲೀಸ್ ಠಾಣೆಗಳ ಅಂಗಳದಲ್ಲಿ ತುಕ್ಕು ಹಿಡಿದು, ಮೈಮೇಲೆ ಬಳ್ಳಿ ಹಬ್ಬಿಸಿಕೊಂಡು ನಿಂತ ಬೈಕು, ಕಾರು, ಲಾರಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ಸುಂದರಭಾಯಿ ಅಂಬಾಲಾಲ್ ದೇಸಾಯಿ ಮತ್ತು ಗುಜರಾತ್ ರಾಜ್ಯದ ನಡುವಿನ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಈ ದುರವಸ್ಥೆಯನ್ನೇ ಎತ್ತಿ ಹೇಳಿತು. ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಳ್ಳುವುದರಿಂದ ಯಾರಿಗೂ ಪ್ರಯೋಜನವಿಲ್ಲ. ವಿವರವಾದ ಪಂಚನಾಮೆ ಮಾಡಿ, ಛಾಯಾಚಿತ್ರ ತೆಗೆದು, ಸೂಕ್ತ ಬಾಂಡು ಮತ್ತು ಭದ್ರತೆ ಪಡೆದು ಬೇಗನೆ ಹಿಂದಿರುಗಿಸಬೇಕು ಎಂಬುದು ಅದರ ಸಾರ. ಇದು ವಿವೇಕದ ತೀರ್ಪು. ಒಂದೇ ಲಾರಿಯನ್ನು ನೆಚ್ಚಿಕೊಂಡು ಬದುಕುವ ಮಾಲೀಕನಿಗೆ, ವಿಚಾರಣೆ ಮುಗಿಯುವವರೆಗೆ ವಾಹನ ನಿಂತುಬಿಡುವುದೆಂದರೆ ತೀರ್ಪಿಗೆ ಮೊದಲೇ ಶಿಕ್ಷೆಯಾದಂತೆ.

ಆದರೆ ಇದಕ್ಕೆ ಎರಡು ವರ್ಷ ಮೊದಲು, 2000ದಲ್ಲಿ, ಅದೇ ಸುಪ್ರೀಂ ಕೋರ್ಟು ನಮ್ಮದೇ ರಾಜ್ಯದಿಂದ ಹೋದ ಪ್ರಕರಣವೊಂದರಲ್ಲಿ ಬೇರೊಂದು ದನಿಯಲ್ಲಿ ಮಾತನಾಡಿತ್ತು. ಕರ್ನಾಟಕ ರಾಜ್ಯ ಮತ್ತು ಕೆ. ಕೃಷ್ಣನ್ ನಡುವಿನ ಆ ವ್ಯಾಜ್ಯ ಕರ್ನಾಟಕ ಅರಣ್ಯ ಕಾಯ್ದೆ, 1963ಕ್ಕೆ ಸಂಬಂಧಿಸಿದ್ದು. ಅರಣ್ಯ ಅಪರಾಧಕ್ಕೆ ಬಳಕೆಯಾದ ವಾಹನವನ್ನು ಮುಟ್ಟುಗೋಲಿನ ಪ್ರಕ್ರಿಯೆ ಮುಗಿಯುವವರೆಗೆ ಸಾಮಾನ್ಯವಾಗಿ ಬಿಡಕೂಡದು. ಅಸಾಧಾರಣ ಸಂದರ್ಭದಲ್ಲಿ ಬಿಡುವುದಾದರೂ ಬ್ಯಾಂಕ್ ಗ್ಯಾರಂಟಿ ಕನಿಷ್ಠ ಷರತ್ತಾಗಿರಬೇಕು ಎಂದು ನ್ಯಾಯಾಲಯ ಹೇಳಿತು. ಒಂದೇ ನ್ಯಾಯಾಲಯ, ಎರಡು ನಿಲುವು ಏಕೆ? ಅರಣ್ಯ ಕಾಯ್ದೆಯಲ್ಲಿ ಮುಟ್ಟುಗೋಲಿಗೆಂದೇ ಪ್ರತ್ಯೇಕ ಕಲಮುಗಳಿವೆ, ಅಧಿಕೃತ ಅಧಿಕಾರಿ ಇದ್ದಾನೆ, ಮಾಲೀಕನಿಗೆ ತನ್ನ ಅರಿವಿಲ್ಲದೆ ವಾಹನ ಬಳಕೆಯಾಯಿತೆಂದು ರುಜುವಾತುಪಡಿಸುವ ಅವಕಾಶವಿದೆ, ಮೇಲ್ಮನವಿಯೂ ಇದೆ. ಅಬಕಾರಿ ಕಾಯ್ದೆಯಲ್ಲೂ ಮುಟ್ಟುಗೋಲಿನ ಅಧಿಕಾರವಿದೆ. ಕದ್ದ ಮರ ಸಾಗಿಸಿದ ಲಾರಿಯನ್ನು ಸರ್ಕಾರ ಕಳೆದುಕೊಳ್ಳಬಾರದೆಂದು ಶಾಸಕರು ಎಂದೋ ಯೋಚಿಸಿದರು. ಸೂಜಿ, ರಕ್ತ ಸಾಗಿಸಿದ ಲಾರಿಯ ಬಗ್ಗೆ ಹಾಗೆ ಯೋಚಿಸಿದವರಿಲ್ಲ. ಆದ್ದರಿಂದ ಇಂತಹ ವಾಹನ ನ್ಯಾಯಾಲಯಕ್ಕೆ ಬಂದಾಗ ಅಪಘಾತದ ಕಾರಿಗೂ ಕಳವಿನ ಬೈಕಿಗೂ ಅನ್ವಯಿಸುವ ಸಾಮಾನ್ಯ ದಂಡ ಪ್ರಕ್ರಿಯೆಯೇ ಅದಕ್ಕೂ ಅನ್ವಯವಾಗುತ್ತದೆ.

ಅಪರಾಧದ ಕಾನೂನಿನ ಕಥೆ ಇನ್ನೂ ವಿಚಿತ್ರ. ವೈದ್ಯಕೀಯ ತ್ಯಾಜ್ಯಕ್ಕೆ ನಮ್ಮಲ್ಲಿ 1998ರಿಂದಲೇ ನಿಯಮಗಳಿವೆ. 2016ರಲ್ಲಿ ಅವು ಹೊಸದಾಗಿ ಬಂದವು. ಇವುಗಳ ತಾಯಿ ಪರಿಸರ (ಸಂರಕ್ಷಣೆ) ಕಾಯ್ದೆ, 1986. ಆ ಕಾಯ್ದೆಯ 15ನೇ ಕಲಮಿನಲ್ಲಿ ಮೊದಲು ಐದು ವರ್ಷದವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಸೆರೆವಾಸವನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ಅದರ ಜಾಗದಲ್ಲಿಟ್ಟಿತು. ಅದನ್ನು ವಿಧಿಸುವವರು ನ್ಯಾಯಾಧೀಶರಲ್ಲ, ನಿರ್ಣಯಾಧಿಕಾರಿ. 2024ರ ಏಪ್ರಿಲ್‌ 1ರಿಂದ ಇದು ಜಾರಿಗೆ ಬಂದಿದೆ. ದಂಡದ ಮೊತ್ತ ಏರಿದ್ದು ಒಳ್ಳೆಯದೇ. ಆದರೆ ಗೋಮಾಳದಲ್ಲಿ ನಿಂತ ಪೊಲೀಸ್ ಅಧಿಕಾರಿಯ ಕೈಯಲ್ಲಿ ಈಗ ಉಳಿದಿರುವುದು ಮುಖ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ ಕೆಲವು ಹಳೆಯ ಮಾದರಿಯ ಕಲಮುಗಳು. ಪ್ರಾಣಾಪಾಯದ ಸೋಂಕು ಹರಡುವಂತಹ ನಿರ್ಲಕ್ಷ್ಯಕ್ಕೆ ಅದರಲ್ಲಿರುವ ಗರಿಷ್ಠ ಸೆರೆವಾಸ ಆರು ತಿಂಗಳು. ಇಷ್ಟು ಹಗುರವಾದ ಆರೋಪದ ಮೇಲೆ ಲಕ್ಷಾಂತರ ರೂಪಾಯಿ ಬೆಲೆಬಾಳುವ ಲಾರಿಯನ್ನು ಹಿಡಿದಿಡಬೇಕೆಂದು ಸರ್ಕಾರಿ ಅಭಿಯೋಜಕರು ವಾದಿಸಬೇಕು. ಆ ವಾದ ಏಕೆ ಸೋಲುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಗ್ಯಾರಿ ಬೆಕರ್ 1968ರಲ್ಲಿ ಅಪರಾಧ ಮತ್ತು ಶಿಕ್ಷೆಯನ್ನು ಕುರಿತು ಬರೆದ ಪ್ರಬಂಧದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು: ತಪ್ಪು ಮಾಡುವವನು ಸಿಗುವ ಲಾಭವನ್ನು ಒಂದು ತಟ್ಟೆಯಲ್ಲೂ, ಶಿಕ್ಷೆಯ ಪ್ರಮಾಣವನ್ನು ಸಿಕ್ಕಿಬೀಳುವ ಸಂಭವದಿಂದ ಗುಣಿಸಿ ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗುತ್ತಾನೆ. ಗಡಿಯ ಲೆಕ್ಕ ನೋಡಿ. ನಮ್ಮ ಕಡೆಯಿಂದ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿ ಮರಳುವಾಗ ಖಾಲಿ ಬರಬೇಕು. ಖಾಲಿ ಲಾರಿಗೂ ಡೀಸೆಲ್ ಬೇಕು. ಆಗ ಯಾರೋ ಮಧ್ಯವರ್ತಿ ‘ರಿಟರ್ನ್ ಲೋಡು’ ಇದೆ, ದಾರಿಯಲ್ಲಿ ಎಲ್ಲಾದರೂ ಇಳಿಸಿಬಿಡು ಎನ್ನುತ್ತಾನೆ. ಚಾಲಕನಿಗೆ ಅದು ಬಿಟ್ಟಿ ಹಣ. ಸಿಕ್ಕಿಬೀಳುವ ಸಂಭವ ಕಡಿಮೆ, ಬಿದ್ದರೆ ದಂಡ ಅಲ್ಪ, ಲಾರಿ ಹೇಗೂ ಮರಳಿ ಬರುತ್ತದೆ. ಮಾರನೆಯ ದಿನ ಅದೇ ಲಾರಿಗೆ ಮತ್ತೆ ಟೊಮೆಟೊ ತುಂಬುತ್ತಾರೆ. 2007ರ ಆ ಲಾರಿಯ ಮೂಲೆಯಲ್ಲಿಯೂ ಒಣಗಿದ ಕೋಸಿನ ಎಲೆಗಳಿದ್ದವು.

ಆಸ್ಪತ್ರೆಯ ಕಡೆಯ ಲೆಕ್ಕವೂ ಇದೆ. ನಿಯಮದ ಪ್ರಕಾರ ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಬೇಕು. ಅಂಗಾಂಶ, ರಕ್ತಸಿಕ್ತ ವಸ್ತುಗಳಂಥವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. 75 ಕಿಲೋಮೀಟರ್ ಒಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಅಲ್ಲಿಗೇ ಕಳಿಸಬೇಕು. ಇದಕ್ಕೆಲ್ಲ ಖರ್ಚಿದೆ, ಶಿಸ್ತು ಬೇಕು. ಶಿಸ್ತು ತಪ್ಪಿದಲ್ಲಿ ಬಣ್ಣದ ಚೀಲಕ್ಕೆ ಹೋಗಬೇಕಾದದ್ದು ಊಟದ ಎಲೆ, ಕಾಗದಗಳ ಜೊತೆ ಬೆರೆತು ಸಾಮಾನ್ಯ ಕಸದ ಗುತ್ತಿಗೆದಾರನ ಕೈ ಸೇರುತ್ತದೆ. ಅವನಿಂದ ಉಪಗುತ್ತಿಗೆದಾರ, ಅವನಿಂದ ಮಧ್ಯವರ್ತಿ, ಅವನಿಂದ ಲಾರಿ. ಸರಪಳಿಯ ಕೊನೆಯ ಕೊಂಡಿಯಾದ ಚಾಲಕನನ್ನು ಹಿಡಿದು ನಾವು ಕರ್ತವ್ಯ ಮುಗಿಯಿತೆನ್ನುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಂತಹದ್ದಕ್ಕೇ ಹುಟ್ಟಿರಬೇಕು.

ಇದು ಹೀಗೆಯೇ ಇರಬೇಕಿಲ್ಲ ಎಂಬುದಕ್ಕೆ 2024ರ ಡಿಸೆಂಬರಿನಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ಒಂದು ನಿದರ್ಶನ ಸಿಕ್ಕಿತು. ಅಲ್ಲಿನ ನಡುಕಲ್ಲೂರು, ಕೊಡಗನಲ್ಲೂರು ಮುಂತಾದ ಹಳ್ಳಿಗಳಲ್ಲಿ ಕೇರಳದ ಆಸ್ಪತ್ರೆಗಳ ತ್ಯಾಜ್ಯ ರಾಶಿಯಾಗಿ ಬಿದ್ದಿತ್ತು. ರಾಶಿಯೊಳಗೆ ರೋಗಿಗಳ ಕಾಗದಪತ್ರಗಳಿದ್ದವು. ಅವು ತ್ಯಾಜ್ಯದ ವಿಳಾಸವನ್ನು ಹೇಳಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ, ಅದನ್ನು ಮೂರು ದಿನಗಳಲ್ಲಿ ತೆರವುಗೊಳಿಸುವಂತೆ ಕೇರಳದ ಅಧಿಕಾರಿಗಳಿಗೆ ಆದೇಶಿಸಿತು. ಡಿಸೆಂಬರ್ 22ರಂದು ಕೇರಳದ ಅಧಿಕಾರಿಗಳೇ ಲಾರಿಗಳೊಂದಿಗೆ ಬಂದು, ಆ ಕಸವನ್ನು ತುಂಬಿಕೊಂಡು ಹೋದರು. ಕಸ ತಾನು ಹುಟ್ಟಿದ ಮನೆಗೆ ಮರಳಿತು. ನನ್ನ ಸೇವಾವಧಿಯಲ್ಲಿ ಅಂತಹದೊಂದನ್ನು ನಾನು ಕಂಡಿರಲಿಲ್ಲ. ಸಾಧ್ಯವೆಂದು ಊಹಿಸಿಯೂ ಇರಲಿಲ್ಲ.

ಇದಾದ ಮೇಲೆ ತಮಿಳುನಾಡು ಇನ್ನೂ ಮುಂದೆ ಹೋಯಿತು. ಮದರಾಸು ಹೈಕೋರ್ಟಿನ ಮಧುರೈ ಪೀಠದ ಸಲಹೆಯ ಹಿನ್ನೆಲೆಯಲ್ಲಿ, ಗೂಂಡಾ ಕಾಯ್ದೆಯೆಂದೇ ಹೆಸರಾದ ತನ್ನ 1982ರ ಕಾನೂನಿಗೆ 2025ರ ಏಪ್ರಿಲ್‌ನಲ್ಲಿ ವಿಧಾನಸಭೆಯಲ್ಲಿ ತಿದ್ದುಪಡಿ ಅಂಗೀಕರಿಸಿ, ವೈದ್ಯಕೀಯ ತ್ಯಾಜ್ಯ ಸುರಿಯುವವರನ್ನೂ ಅದರ ವ್ಯಾಪ್ತಿಗೆ ತಂದಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನು ಅದು. ಜನರ ಸಿಟ್ಟು ನನಗೆ ಅರ್ಥವಾಗುತ್ತದೆ; ಆ ಗೋಮಾಳದಲ್ಲಿ ನಾನೂ ಅದನ್ನು ಅನುಭವಿಸಿದವನೇ. ಆದರೂ ಈ ದಾರಿ ನಮಗೆ ಬೇಡವೆಂದೇ ನನ್ನ ಅಭಿಪ್ರಾಯ. ಮುಂಜಾಗ್ರತಾ ಬಂಧನದ ಬಲೆಗೆ ಬೀಳುವವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವವರು, ಎಂದರೆ ಚಾಲಕರು, ಕ್ಲೀನರುಗಳು. ತ್ಯಾಜ್ಯವನ್ನು ಹುಟ್ಟಿಸಿದವರ ಹೆಸರು ಆ ಕಡತದಲ್ಲೂ ಬಾರದಿರಬಹುದು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಕ್ರಾಂತಿಯೇನೂ ಬೇಕಿಲ್ಲ. ಮೊದಲನೆಯದು, ಮಹಜರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಪ್ತಿಯನ್ನು ದೃಶ್ಯ ಮತ್ತು ಧ್ವನಿ ಸಹಿತ ಮುದ್ರಿಸಿಕೊಳ್ಳಬೇಕೆನ್ನುತ್ತದೆ. ನ್ಯಾಯಾಲಯವು 14 ದಿನಗಳಲ್ಲಿ ಜಪ್ತಾದ ಸ್ವತ್ತಿನ ವಿವರಪಟ್ಟಿ ಮಾಡಿ, ಚಿತ್ರ ತೆಗೆಸಿ, ಅನಂತರದ 30 ದಿನಗಳಲ್ಲಿ ವಿಲೇವಾರಿಯ ಆದೇಶ ಮಾಡಬೇಕೆಂದೂ ಅದರಲ್ಲಿದೆ. ಕೊಳೆಯುವ ತ್ಯಾಜ್ಯವನ್ನು ಸಾಕ್ಷ್ಯವೆಂದು ತಿಂಗಳುಗಟ್ಟಲೆ ಇಡಲಾಗದು. ಅದರ ಚಿತ್ರವನ್ನು ಇಡಬಹುದು. 2016ರ ನಿಯಮಗಳ ಪ್ರಕಾರ ಆಸ್ಪತ್ರೆಯಿಂದ ಹೊರಹೋಗುವ ತ್ಯಾಜ್ಯದ ಚೀಲಗಳಿಗೆ ಬಾರ್‌ಕೋಡ್ ಇರಬೇಕು. ಚೀಲದ ಮೇಲಿನ ಗುರುತು, ಔಷಧದ ಬಾಟಲಿಯ ಬ್ಯಾಚ್ ಸಂಖ್ಯೆ, ಚೀಟಿಯ ಮೇಲಿನ ವಾರ್ಡಿನ ಹೆಸರು, ಇವೆಲ್ಲ ಚಾಸಿಸ್ ಸಂಖ್ಯೆಯಷ್ಟೇ ಶ್ರದ್ಧೆಯಿಂದ ದಾಖಲಾಗಬೇಕು. ಗುರುತೇ ಇಲ್ಲದ ಚೀಲ ಸಿಕ್ಕರೆ ಅದೂ ಒಂದು ಸಾಕ್ಷ್ಯವೇ.

ಎರಡನೆಯದು, ಬಿಡುಗಡೆಯ ಷರತ್ತು. ವಾಹನದ ಬೆಲೆಗೆ ಬಾಂಡು ಬರೆಸಿಕೊಂಡರೆ ವಾಹನ ಮರಳಿ ಸಿಗುವ ಖಾತರಿ ಸಿಕ್ಕೀತೇ ಹೊರತು ಊರು ಶುಚಿಯಾಗುವ ಖಾತರಿ ಸಿಗದು. ತೆರವು ಮತ್ತು ಸಂಸ್ಕರಣೆಯ ವೆಚ್ಚವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಂದಾಜಿನಂತೆ ಠೇವಣಿ ಇಡಬೇಕು, ಸರಕನ್ನು ಎಲ್ಲಿಂದ, ಯಾರಿಂದ ತುಂಬಲಾಯಿತೆಂದು ಮಾಲೀಕ ಪ್ರಮಾಣಪತ್ರ ಸಲ್ಲಿಸಬೇಕು ಎಂದು ಅಭಿಯೋಜಕರು ಕೇಳಬೇಕು. ಅವರು ಕೇಳಿದರೆ ತಾನೇ ನ್ಯಾಯಾಲಯ ಪರಿಶೀಲಿಸುವುದು? ನಿಜವಾಗಿ ಅರಿವಿಲ್ಲದ ಮಾಲೀಕನಿಗೆ ಹೇಳಲು ಕಷ್ಟವಾಗದು. ಆ ಠೇವಣಿಯನ್ನು ಅವನು ಮಧ್ಯವರ್ತಿಯಿಂದ ವಸೂಲು ಮಾಡಲು ಹೊರಟಾಗ ಸರಪಳಿಯ ಮೇಲಿನ ಕೊಂಡಿಗಳು ತಾವಾಗಿ ಬೆಳಕಿಗೆ ಬರುತ್ತವೆ.

ಮೂರನೆಯದು, ಮುಟ್ಟುಗೋಲು. ಅರಣ್ಯ ಕಾಯ್ದೆಯ ಮಾದರಿಯಲ್ಲಿ, ನೋಟಿಸು, ವಿಚಾರಣೆ, ಮೇಲ್ಮನವಿಗಳಿರುವ ಅಧ್ಯಾಯವೊಂದು ವೈದ್ಯಕೀಯ ತ್ಯಾಜ್ಯಕ್ಕೂ ಬೇಕು. ಮಾದಕವಸ್ತು ಸಾಗಿಸಿದ ಲಾರಿಯೊಂದರ ಬಗ್ಗೆ ಅಸ್ಸಾಮಿನಿಂದ ಬಂದ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಮಾಲೀಕನೋ ಅವನು ನೇಮಿಸಿದವನೋ ಭಾಗಿಯಾದದ್ದಕ್ಕೂ, ಮಾಲೀಕನಿಗೆ ತಿಳಿಯದೆ ಮೂರನೆಯವನು ವಾಹನವನ್ನು ದುರ್ಬಳಕೆ ಮಾಡಿದ್ದಕ್ಕೂ ಅಂತರವಿದೆಯೆಂದು ವಿವರಿಸಿತು. ಆ ವಿವೇಚನೆಯನ್ನು ಇಲ್ಲಿಯೂ ಅಳವಡಿಸಬಹುದು. ಮೊದಲ ಬಾರಿಗೆ ಠೇವಣಿ. ಎರಡನೆಯ ಬಾರಿಗೆ ಲಾರಿಯೇ ಹೋಗಲಿ.

ನಾಲ್ಕನೆಯದು ನನ್ನ ವೃತ್ತಿಬಾಂಧವರಿಗೆ. ಸಾರ್ವಜನಿಕ ಉಪದ್ರವವನ್ನು ತೆಗೆಸುವ ಅಧಿಕಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿ ಉಪವಿಭಾಗ ದಂಡಾಧಿಕಾರಿಗೆ ಇತ್ತು. ಹೊಸ ಸಂಹಿತೆಯ 152ನೇ ಕಲಮಿನಲ್ಲೂ ಇದೆ. ರತ್ಲಾಂ ಪುರಸಭೆಯ ಪ್ರಕರಣದಲ್ಲಿ 1980ರಲ್ಲಿಯೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಕಲಮಿಗೆ ಜೀವ ತುಂಬಿದ್ದರು. ಹಣವಿಲ್ಲವೆಂಬ ನೆಪ ಪುರಸಭೆಗೆ ಸಲ್ಲದೆಂದಿದ್ದರು. ನನ್ನ ಕಪಾಟಿನಲ್ಲಿ ಆ ಪುಸ್ತಕವಿತ್ತು. ಆ ಬೆಳಿಗ್ಗೆ ಒಂದು ಚೀಲವನ್ನು ಬಿಡಿಸಿ ಅದರ ಮೇಲಿನ ಹೆಸರು ಓದಿಸಿದ್ದರೆ, ಕಸವನ್ನು ಹಿಂದಕ್ಕೆ ಕೊಂಡೊಯ್ಯುವಂತೆ ಆ ಹೆಸರಿನವರಿಗೇ ಆದೇಶ ಕಳಿಸಲು ಯತ್ನಿಸಬಹುದಿತ್ತು. ನನಗೆ ತೋಚಿದ್ದು ಜೆಸಿಬಿ ಮಾತ್ರ.

ಗಡಿಯಾಚೆಯವರನ್ನು ದೂರುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಮಾವಳ್ಳಿಪುರ, ಮಂಡೂರುಗಳ ಜನ ಬೆಂಗಳೂರಿನ ಕಸದಿಂದ ಪಟ್ಟ ಪಾಡನ್ನು ಮರೆತವರಾರು? ನಗರದ ಹೊರವರ್ತುಲದ ಖಾಲಿ ನಿವೇಶನಗಳಲ್ಲಿ, ಕೆರೆಯಂಗಳಗಳಲ್ಲಿ ಬಿದ್ದ ಸಿರಿಂಜುಗಳಿಗೆ ಕೇರಳದ ಚೀಟಿ ಇರುವುದಿಲ್ಲ. ಕಸಕ್ಕೆ ಭಾಷೆ, ರಾಜ್ಯ ಯಾವುದೂ ಇಲ್ಲ. ಅದು ಹಣವಿರುವಲ್ಲಿ ಹುಟ್ಟಿ, ದನಿಯಿಲ್ಲದವರ ಊರಿಗೆ ಹರಿಯುತ್ತದೆ.

ಲಾರಿಗೆ ನೋಂದಣಿ ಪುಸ್ತಕವಿದೆ, ಮಾಲೀಕನಿದ್ದಾನೆ, ವಕೀಲರಿದ್ದಾರೆ. ಆದ್ದರಿಂದಲೇ ನ್ಯಾಯಾಲಯದಲ್ಲಿ ಅದರದೇ ಮಾತು. ಕಸಕ್ಕೂ ಒಬ್ಬ ಮಾಲೀಕನಿದ್ದಾನೆಂದು ಕಾಗದದ ಮೇಲೆ ಬರೆಯುವವರೆಗೆ ಈ ವ್ಯಾಜ್ಯಗಳು ಲಾರಿಯ ಸುತ್ತಲೇ ತಿರುಗುತ್ತಿರುತ್ತವೆ. ಮಹಜರಿನಲ್ಲಿ ಇನ್ನು ನಾಲ್ಕು ಸಾಲು ಹೆಚ್ಚಿಗೆ ಬರೆಸಿದ್ದರೆ ಆ ಹೆಣ್ಣುಮಗಳ ಅಂಗೈಗೆ ಸೂಜಿ ಚುಚ್ಚುವುದು ತಪ್ಪುತ್ತಿತ್ತೇ? ಗೊತ್ತಿಲ್ಲ. ಆದರೆ ಕಚೇರಿಯ ಮೆಟ್ಟಿಲ ಬಳಿ ಆಕೆ ಕೇಳಿದ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕಾದವನ ಹೆಸರಾದರೂ ಅದರಲ್ಲಿರುತ್ತಿತ್ತು.